ಬಯಲಿನ ನಡುವೆ ಇಲ್ಲದ ಬೆಂಚು

ಒಬ್ಬ ಹೆಂಗಸು ಕಲ್ಲುಬೆಂಚಿನೊಳಗೆ ಹೊಕ್ಕು, ಏನೂ ಆಗದವಳಂತೆ ಆಚೆ ಕಡೆಯಿಂದ ಹೊರಬಂದಳು. ಜಗಳೂರಿನಲ್ಲಿ ನಾನು ಕಂಡ ಮೊದಲ ವಿಚಿತ್ರ ಇದು. ಮೊದಲನೆಯದೇ ಹೌದೋ ಅಲ್ಲವೋ. ನೆನಪು ತನಗೆ ಬೇಕಾದಂತೆ ಸಾಲು ಜೋಡಿಸಿಕೊಳ್ಳುತ್ತದೆ.

ಬೆಂಚು ಇದ್ದದ್ದು ನನ್ನ ಟ್ಯಾಬ್‌ನಲ್ಲಿ ಮಾತ್ರ. ಬಸ್ ನಿಲ್ದಾಣದ ಹಿಂದಿನ ಬಯಲನ್ನು ಊರಿನವರು ಕೂರುವ ತಾಣವಾಗಿ ವಿನ್ಯಾಸ ಮಾಡಲೆಂದೇ ಕುಂದಾಪುರ ಬಿಟ್ಟು ಬಂದಿದ್ದೆ. ಟ್ಯಾಬ್ ಹಿಡಿದು ನೋಡಿದರೆ, ಇನ್ನೂ ಕಟ್ಟದ ಬೆಂಚು, ಗಿಡಗಳೆಲ್ಲ ನಿಜವಾದ ಮಣ್ಣಿನ ಮೇಲೆ ನಿಂತಂತೆ ಕಾಣುತ್ತವೆ. ಮರುದಿನ ನಕ್ಷೆ ಒಪ್ಪಿಸಬೇಕಿತ್ತು. ಆಮೇಲೆ ಕಲ್ಲು ಬರುತ್ತದೆ. ಕಲ್ಲನ್ನು ಬೆರಳಿನಿಂದ ಸರಿಸಲಾಗದು.

ಆ ಹೆಂಗಸು ಹನುಮಕ್ಕ, ನನ್ನ ಬಾಡಿಗೆ ಮನೆಯ ಎದುರಿನವರು. ಬಯಲಲ್ಲಿ ಹರಡಿದ ಮೆಕ್ಕೆಜೋಳವನ್ನು ಕಾಲಿನಿಂದಲೇ ಗೀರುತ್ತ, ಮಗುಚುತ್ತ ನಡೆಯುತ್ತಿದ್ದರು.

"ಏನ್ರಿ ಮೇಡಂ, ನನ್ನ ವಿಡಿಯೋ ಮಾಡಾಕೆ ಬಂದೀರಾ?"

ಟ್ಯಾಬ್‌ನಲ್ಲಿ ಸೆರೆಯಾದದ್ದನ್ನು ತೋರಿಸಿದೆ. ಅವರ ಓರಗಿತ್ತಿ ರತ್ನಮ್ಮ ಇಣುಕಿ ನಕ್ಕರು. "ಅಕ್ಕಾ, ನೀನು ದೆವ್ವ ಆಗೀಯ ನೋಡು, ಕಲ್ಲಾಗೇ ತೂರ್ಕೊಂಡು ಹೋಗ್ತೀಯ!"

ಹನುಮಕ್ಕ ನಗಲಿಲ್ಲ. "ಈ ಕಲ್ಲು ನಿಜವಾಗ್ಲೂ ಬರತೈತಾ? ಹಂಗಾದ್ರೆ ನಾವು ಜ್ವಾಳ ಎಲ್ಲಿ ಹರವಬೇಕ್ರಿ? ಹಸಿ ಕಾಳು ಮನೆಯಾಗಿಟ್ರೆ ಬೂಷ್ಟು ಹಿಡಿತೈತೆ. ವರ್ಷದ ಬೆಳೆ ಐತೆ."

ಹರವುವುದೆಂದರೆ ತೆಳುವಾಗಿ ಹರಡಿ ಒಣಗಿಸುವುದು. ನಮ್ಮ ಕಡೆ ಮನೆಗೊಂದು ಅಂಗಳ ಇದ್ದೇ ಇರುತ್ತದೆ. ಭತ್ತವೋ ಮೀನೋ ಅಲ್ಲೇ ಒಣಗುತ್ತದೆ. ಹನುಮಕ್ಕನ ಬಾಗಿಲು ತೆರೆದರೆ ರಸ್ತೆ. ಈ ಬಯಲೇ ಓಣಿಗೆಲ್ಲ ಅಂಗಳ. ನಾನು ನಕ್ಷೆ ಬಿಡಿಸಿದ್ದು ಬೇಸಿಗೆಯ ಉಪಗ್ರಹ ಚಿತ್ರ ನೋಡಿ. ಅದರಲ್ಲಿ ಬಯಲು ಖಾಲಿ. ಖಾಲಿ ಎಂದರೆ ಯಾರದೂ ಅಲ್ಲ ಅಂದುಕೊಂಡಿದ್ದೆ. ಹೊನ್ನಾಳಿ, ಚನ್ನಗಿರಿ, ನ್ಯಾಮತಿಯ ಬಯಲುಗಳನ್ನೂ ಹೀಗೇ ಕೂತಲ್ಲೇ ನಕ್ಷೆಯಲ್ಲಿ ಬೆಂಚುಗಳಿಂದ ತುಂಬಿಸಿಟ್ಟಿದ್ದೆ.

ಟ್ಯಾಬ್ ಹನುಮಕ್ಕನ ಕೈಗೆ ಕೊಟ್ಟೆ. "ಬೆರಳಿಟ್ಟು ಎಳೆಯಿರಿ."

ಎಳೆದರು. ಬೆಂಚು ರಸ್ತೆಗೆ ಹೋಗಿ ನಿಂತಿತು.

"ಅಲ್ಲಿ ಕುಂತ್ರೆ ಬಸ್ಸು ಹತ್ತಾಕೆ ಏಳೋದೇ ಬ್ಯಾಡ, ಬಸ್ಸೇ ಮೈಮ್ಯಾಲೆ ಬರತೈತೆ," ಎಂದರು ರತ್ನಮ್ಮ. "ಬೇವಿನ ಮರದ ಕೆಳಗೆ ಸರಸಕ್ಕ, ಕಾಯೋರಿಗೆ ನೆರಳೂ ಆತು."

ಒಂದೊಂದೇ ಬೆಂಚು ಅಂಚಿಗೆ ಹೋಯಿತು. ನಡುವೆ ಕಾಳು ಹರವಲು ನಯವಾದ ಗಾರೆ ನೆಲ ಬರೆದೆ. ಎರಡು ದಿನ ತಡವಾಗಿ ಕೊಟ್ಟರೂ ನಕ್ಷೆ ಒಪ್ಪಿಗೆಯಾಯಿತು. ಹೆಚ್ಚು ಹಗುರಾದದ್ದು ಯಾರೋ, ಅವರೋ ನಾನೋ. ಹೊನ್ನಾಳಿ ಮೊದಲಾದ ಆ ಮೂರೂ ಊರುಗಳಿಗೆ ಬಸ್ಸಿನಲ್ಲಿ ಹೋಗಿ ನೋಡಿ ಬರುವುದೆಂದು ಆಗಲೇ ನಿಶ್ಚಯಿಸಿದೆ.

ಒಪ್ಪಿಗೆಯ ಸುದ್ದಿ ಕೇಳಿದ ಹನುಮಕ್ಕ ಬಯಲಿನ ಮೂಲೆಯೊಂದನ್ನು ಗುಡಿಸಿ, "ಇದು ನಿಮ್ದು, ನೀವೂ ಏನಾರ ಹರವ್ರಿ," ಎಂದರು.

ನನ್ನ ಬಳಿ ಕಾಳೆಲ್ಲಿ? ಊರಿನಿಂದ ತಂದಿದ್ದ, ಹಳೆಯ ಸೀರೆಗಳ ಕೌದಿಯನ್ನೇ ಹರವಿದೆ. ಕರಾವಳಿಯ ಮಳೆಗಾಲದ ಮುಗ್ಗಲು ಅದರಲ್ಲಿ ಇನ್ನೂ ಕೂತಿತ್ತು. ಮಧ್ಯಾಹ್ನದೊಳಗೆ ಗರಿಗರಿಯಾಯಿತು, ನಮ್ಮ ಮನೆಯಲ್ಲಿ ಎಂದೂ ಅದು ಇಷ್ಟು ಒಣಗಿದ್ದಿಲ್ಲ. ಬಿಸಿಲಿನ ವಾಸನೆ ಹಿತವೆನಿಸಿತು. ಆದರೂ ಮಡಚುವಾಗ, ಹೊಲಿಗೆಯ ಸಂದಿಗಳಿಗೆ ಮೂಗಿಟ್ಟು, ಊರಿನ ಆ ಮುಗ್ಗಲು ಎಲ್ಲಾದರೂ ಚೂರು ಉಳಿದಿದೆಯೇ ಎಂದು ಹುಡುಕಿದೆ.