ಮಗ್ಗದ ಕುಣಿಯಲ್ಲಿಟ್ಟ ಡಬ್ಬಿಗಳು

ಬೆಟಗೇರಿಯ ಭುವನೇಶ್ವರಿ ಖಾಲಿ ಅಲ್ಯುಮಿನಿಯಂ ಡಬ್ಬಿಯನ್ನು ಹಿಸುಕಿ ಎಸೆಯುವವಳಲ್ಲ. ನೆಟ್ಟಗೆ ನಿಲ್ಲಿಸಿ, ನಡುವಿಗೆ ಎರಡೂ ಬದಿ ಹೆಬ್ಬೆರಳು ಒತ್ತಿ, ಹಿಮ್ಮಡಿಯಿಂದ ಒಂದೇ ಸಲ ತುಳಿಯುತ್ತಾಳೆ. ಡಬ್ಬಿ ಬಿಲ್ಲೆಯಾಗುತ್ತದೆ. ಮುಚ್ಚಳದ ಮೇಲೆ ಉಳಿದ ಉಂಗುರದೊಳಗೆ ನೂಲು ಪೋಣಿಸಿ ಸರ ಕಟ್ಟುತ್ತಾಳೆ. ಸರವಾದ ಡಬ್ಬಿ ಉರುಳುವುದಿಲ್ಲ, ಹೆಚ್ಚು ಜಾಗವನ್ನೂ ಬೇಡುವುದಿಲ್ಲ.

ನೂಲು ಮನೆಯದೇ. ಗಂಡ ನಿಂಗಪ್ಪ ಮಗ್ಗ ಬಿಚ್ಚಿಟ್ಟು ಹತ್ತಿ ಗಿರಣಿಗೆ ಹೋಗತೊಡಗಿದಾಗ ಕಂಡಿಕೆಯ ಕೊಳವೆಗಳಲ್ಲಿ ಸುತ್ತಿದ ನೂಲು ಉಳಿದಿತ್ತು. ನೇಯುವವನು ಕಾಲು ಇಳಿಬಿಟ್ಟು ಕೂರುವ ಕುಣಿಯೂ ಖಾಲಿ ಉಳಿದಿತ್ತು. ಡಬ್ಬಿಯ ಚೀಲಗಳನ್ನು ಅವಳು ಆ ಕುಣಿಯಲ್ಲೇ ಇಡುತ್ತಿದ್ದಳು.

ಮುಂಡರಗಿ ರಸ್ತೆಯ ಕಲ್ಯಾಣ ಮಂಟಪದಲ್ಲಿ ಕಸ ಗುಡಿಸುವುದು ಅವಳ ಕೆಲಸ. ತಂಪು ಪಾನೀಯದ ಡಬ್ಬಿಗಳು ಅಲ್ಲಿ ಸಿಗುತ್ತವೆ. ಬಿಯರಿನವು ದಾರಿಯ ಬಾರಿನ ಹಿಂದೆ.

"ಏನವಾ ಭುವನಾ, ಇಷ್ಟೂ ನೀನ ಕುಡದ್ಯೇನ?" ಎಂದು ಓಣಿಯ ಕಾವೇರಿ ಕೆಣಕಿದರೆ, "ನಿನ್ನ ಗಂಡ ಬಿಟ್ಟಿದ್ದಷ್ಟ ಕುಡದೀನವಾ" ಎಂದು ಮುಂದೆ ನಡೆಯುತ್ತಾಳೆ.

ಈ ಡಬ್ಬಿ ಮಾರಿ ಅವಳು ಕೊಳ್ಳಬೇಕೆಂದಿದ್ದದ್ದು ಸೀರೆಗೆ ಪೀಕೋ ಹಾಕುವ ಯಂತ್ರ. ಪೊರಕೆ ಬಿಟ್ಟು ಮನೆಯಲ್ಲೇ ಕುಳಿತು ದುಡಿಯಬೇಕೆಂಬ ಆಸೆ. ಲಕ್ಷ್ಮೇಶ್ವರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಸಾಬೀರಾ ತನ್ನ ಹಳೆಯ ಯಂತ್ರವನ್ನು ಅವಳಿಗೆಂದು ತೆಗೆದಿಟ್ಟಿದ್ದಳು. "ಯುಗಾದಿ ದಾಟಿದ್ರ ಬ್ಯಾರೇದವ್ರಿಗೆ ಕೊಡತೀನಿ ನೋಡ" ಎಂದೂ ಹೇಳಿದ್ದಳು. ಇದನ್ನೆಲ್ಲ ಭುವನೇಶ್ವರಿ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ರೊಕ್ಕ ಇದ್ದರೆ ಯಾರಾದರೂ ಕೈಗಡ ಕೇಳುತ್ತಾರೆ, ಡಬ್ಬಿಯನ್ನು ಯಾರೂ ಕೇಳುವುದಿಲ್ಲ ಎಂಬುದು ಅವಳ ಲೆಕ್ಕ.

ಆ ಲೆಕ್ಕದಲ್ಲಿ ಅತ್ತೆ ಯಮನವ್ವ ಇರಲಿಲ್ಲ. ಹಬ್ಬ ಹತ್ತಿರ ಬಂದ ಒಂದು ಸಂಜೆ ಸೊಸೆ ಮನೆಗೆ ಬಂದಾಗ ಕುಣಿ ಸಾರಿಸಿ ಒಪ್ಪವಾಗಿತ್ತು.

"ಆ ಹೊಲಸ ಡಬ್ಬಿ ಕೊಟ್ಟು ಬುಟ್ಟಿ ತುಂಬ ಬಳ್ಳೊಳ್ಳಿ ತಗೊಂಡೀನಿ. ಗುಜರಿ ಮರ್ದಾನಸಾಬ ಕೊಡವಲ್ಲ ಅಂದ, ನಾ ಬಿಟ್ಟೇನ?"

ಭುವನೇಶ್ವರಿ ಕುಣಿಯನ್ನು ನೋಡುತ್ತ ನಿಂತಳು. ಹೇಳದೆ ಇದ್ದವಳು ತಾನೇ, ಯಾರನ್ನು ಬೈಯಬೇಕು?

"ಯಾಕ, ಬಳ್ಳೊಳ್ಳಿ ಚಲೋ ಇಲ್ಲೇನ?"

"ಚಲೋ ಅದಾವ ಅತ್ತಿ" ಎಂದವಳು ಬೆಳ್ಳುಳ್ಳಿಯ ಬುಟ್ಟಿ ಹೊತ್ತು ಹೊರಟಳು.

ಮರ್ದಾನಸಾಬನ ಗುಜರಿ ಅಂಗಡಿ ರೈಲು ಹಳಿಯ ಬದಿಗೆ. ಬುಟ್ಟಿ ನೋಡಿದ ಕೂಡಲೇ ಅವನಿಗೆ ವಿಷಯ ತಿಳಿಯಿತು.

"ಸೌದಾ ಮುಗದೈತಿ ತಂಗಿ. ಚೀಲಾನೂ ಸುರುವೀನಿ. ಈ ಗುಡ್ಡಿಯೊಳಗ ನಿನ್ನವು ಯಾವು ಅಂತ ಹೇಳ್ತಿ?"

ಅವಳು ರಾಶಿಯ ಬದಿಗೆ ಕುಕ್ಕರಗಾಲಲ್ಲಿ ಕುಳಿತು ನೂಲಿನ ಒಂದು ತುದಿ ಹುಡುಕಿ ಎಳೆದಳು. ಸರ ಗಲಗಲ ಎನ್ನುತ್ತ ಹೊರಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮರ್ದಾನಸಾಬ ಬೀಡಿ ಆರಿದ್ದನ್ನೂ ಮರೆತು ನೋಡಿದ.

"ಡಬ್ಬಿನೂ ನೇಯ್ತೀರೇನವಾ ನೀವು ಬೆಟಗೇರ್ಯಾವ್ರು?"

ಬೆಳ್ಳುಳ್ಳಿಯನ್ನು ತಕ್ಕಡಿಗೆ ಹಾಕಿದಾಗ ಕೊಂಚ ಕಡಿಮೆ ಬಂತು.

"ಅತ್ತಿ ಚಟ್ನಿ ಕುಟ್ಯಾರ್ರಿ ಕಾಕಾ. ಅದಕ್ಕ ಈ ಒಂದ ಸರ ನೀವ ಇಟಗೋರಿ."

ಮರ್ದಾನಸಾಬ ನಕ್ಕುಬಿಟ್ಟ. ಉಳಿದ ಸರಗಳನ್ನು ತೂಗಿ ಅಂದಿನ ದರಕ್ಕೆ ರೊಕ್ಕ ಎಣಿಸಿದ. "ಡಬ್ಬಿಯೊಳಗ ಉಸುಕ ತುಂಬಿ ತರಾವ್ರನ್ನ ನೋಡೀನಿ. ಖರೆ ಹೇಳ್ತೀನಿ, ಇಂಥಾ ಮಾಲು ಯಾರೂ ತಂದಿಲ್ಲ" ಎಂದ.

ಯುಗಾದಿಯ ಹಿಂದಿನ ದಿನ ಯಂತ್ರ ಬಸ್ಸಿನಲ್ಲಿ ಬಂತು. ಕುಣಿಗೆ ಹಲಗೆ ಮುಚ್ಚಿ ಅದರ ಮೇಲೆ ಇಟ್ಟರು. ಯಮನವ್ವ ಸುತ್ತ ಒಂದು ಸಲ ತಿರುಗಿ ನೋಡಿದಳು.

"ಮೊದಲ ಹೇಳಿದ್ರ ನಾನೂ ನಾಕ ಡಬ್ಬಿ ತರತಿದ್ದಿಲ್ಲೇನ?"

ಮೊನ್ನೆ ಹೊಂಬಳದಲ್ಲಿ ಬೀಗರ ಮನೆಯ ಮದುವೆ. ಊಟದ ಪಂಕ್ತಿ ಎದ್ದ ಮೇಲೆ ಯಮನವ್ವ ಒಬ್ಬ ಹುಡುಗನ ಪಕ್ಕದಲ್ಲಿ ನಿಂತೇ ಇದ್ದಳು. ಅವನು ಸಂಕೋಚದಿಂದ ಡಬ್ಬಿಯನ್ನು ಬಾಯಿಂದ ಇಳಿಸಿದ.

"ಏನ ಬೇಕಾಗಿತ್ತರಿ ಅಮ್ಮಾರ?"

"ಕುಡಿಯಪ್ಪಾ, ಗಡಿಬಿಡಿ ಇಲ್ಲ" ಎಂದಳು ಯಮನವ್ವ. "ಉಂಗುರ ಅಷ್ಟ ಕೀಳಬ್ಯಾಡ."