ಬಾಗಮತಿಯ ದಂಡೆಗೆ ಬಂದ ತವರು

ಶಿಗ್ಗಾವಿಯ ಬಸ್ ನಿಲ್ದಾಣದ ಎದುರು ನಮ್ಮ ಯಾತ್ರೆಯ ಬಸ್ಸು ಬಂದು ನಿಂತಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಸಂಕ್ರಾಂತಿ ಕಳೆದಿತ್ತು. ಸವಣೂರಿನಿಂದ ಹೊರಟ ಬಸ್ಸು ಹಿರೇಕೆರೂರಿನವರನ್ನೂ ಹಾನಗಲ್ಲಿನವರನ್ನೂ ಹತ್ತಿಸಿಕೊಂಡು ಕಡೆಗೆ ನಮ್ಮೂರಿಗೆ ಬಂದಿತ್ತು. ಕಾಶಿ ನೋಡಿ, ಅಲ್ಲಿಂದ ನೇಪಾಳಕ್ಕೆ ಹೋಗಿ ಪಶುಪತಿನಾಥನ ದರ್ಶನ ಮಾಡಿ ಬರುವುದು ಎಂದು ನಿಶ್ಚಯವಾಗಿತ್ತು. ನನ್ನ ಯಜಮಾನರು ಎಮ್ಮೆ ಬಿಟ್ಟು ಬರುವುದಿಲ್ಲ ಎಂದರು. ಎಮ್ಮೆಯೂ ಅವರೂ ಸುಖವಾಗಿರಲಿ ಎಂದು ನಾನೊಬ್ಬಳೇ ಹತ್ತಿದೆ. ಕನ್ನಡ ಸಾಲೆಯಲ್ಲಿ ಇಷ್ಟು ವರ್ಷ ನಕಾಶೆಯ ಮೇಲೆ ಕೋಲಿಟ್ಟು ಮಕ್ಕಳಿಗೆ ಹಿಮಾಲಯ ತೋರಿಸಿದವಳು ನಾನು. ನಿವೃತ್ತಿಯಾದ ಮೇಲಾದರೂ ಅದನ್ನು ಕಣ್ಣಾರೆ ನೋಡಬೇಡವೇ?

ನನಗೆ ಸಿಕ್ಕ ಸೀಟು ಡ್ರೈವರನ ಹಿಂದಿನದು. ಪಕ್ಕದಲ್ಲಿ ಹಾನಗಲ್ಲಿನ ತುಳಸವ್ವ, ಅವಳ ಆಚೆ ಗಂಡ ಮಾರುತೆಪ್ಪ. ತುಳಸವ್ವ ನನಗಿಂತ ಸಣ್ಣವಳು, ತೆಳ್ಳಗಿನ ಹೆಂಗಸು. ಅಂಗೈಯಗಲದ ಕುಂಕುಮ, ಬಾಯಿ ತುಂಬ ಮಾತು. ಹುಬ್ಬಳ್ಳಿ ದಾಟುವ ಮೊದಲೇ ಡ್ರೈವರನ ಕುಲಗೋತ್ರವನ್ನೆಲ್ಲ ವಿಚಾರಿಸಿ ಮುಗಿಸಿದ್ದಳು. ಅವನ ಹೆಸರು ಮೌಲಾಸಾಬ. ಈಗ ಮನೆ ಸವಣೂರಿನಲ್ಲಿ, ಆದರೆ ಹುಟ್ಟಿ ಬೆಳೆದದ್ದು ಮಾಸೂರಿನಲ್ಲಿ. ಅವನ ಅಪ್ಪ ಅಲ್ಲಿ ಬಳೆಗಾರ. ತುಳಸವ್ವನ ತವರೂ ಮಾಸೂರೇ. ಅವಳ ಮದುವೆಯಲ್ಲಿ ಹಸಿರು ಬಳೆ ಇಟ್ಟವನು ಇದೇ ಮೌಲಾಸಾಬನ ಅಪ್ಪ. ಇಷ್ಟು ಗೊತ್ತಾದದ್ದೇ ತಡ, ಮೌಲಾಸಾಬ ಅವಳಿಗೆ ತಮ್ಮನಾಗಿಬಿಟ್ಟ. ಅಂದಿನಿಂದ ಬಸ್ಸು ಎಲ್ಲಿ ತಿರುವು ತೆಗೆದುಕೊಂಡರೂ ನನ್ನ ಪಕ್ಕದಿಂದ ಒಂದು ದನಿ ಏಳುತ್ತಿತ್ತು.

“ಸಾವಕಾಶ ಹೊಡಿಯೋ ತಮ್ಮಾ.”

“ಆತು ಅಕ್ಕಾ,” ಎನ್ನುತ್ತಿದ್ದ ಅವನು, ಹಿಂದಕ್ಕೆ ತಿರುಗದೆ.

ಸೊಲ್ಲಾಪುರ, ನಾಗಪುರ, ಜಬಲಪುರ ದಾಟಿ ಬಸ್ಸು ಓಡಿತು. ದಾರಿಬದಿಯ ಮರದ ಕೆಳಗೆ ಒಲೆ ಹೂಡಿ ಝುಣಕ, ಅನ್ನ ಮಾಡುತ್ತಿದ್ದೆವು. ಮನೆಯಿಂದ ತಂದ ಖಡಕ್ ರೊಟ್ಟಿಯ ಗಂಟುಗಳು ಒಂದೊಂದೇ ಕರಗಿದವು. ಮೌಲಾಸಾಬ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಸವಣೂರಿನ ವೀಳ್ಯದೆಲೆ ಜಬಲಪುರದ ಹೊತ್ತಿಗೆ ಅಂಚಿನಲ್ಲಿ ಹಳದಿಯಾದರೂ ಕಾಶಿಯ ಎಲೆಗಿಂತ ಮೇಲು ಎಂದು ನಾವೆಲ್ಲ ಒಮ್ಮತದಿಂದ ತೀರ್ಮಾನಿಸಿದೆವು. ಕಾಶಿಯ ಅಂಗಡಿಯವನ ಮುಂದೆಯೇ ನಾನು ಅದನ್ನು ನನ್ನ ಪರೀಕ್ಷೆ ಪಾಸಾದ ಹಿಂದಿಯಲ್ಲಿ ಹೇಳಿಯೂ ಬಂದೆ.

ಕಾಶಿಯಲ್ಲಿ ಘಾಟಿನ ಮೆಟ್ಟಿಲ ಮೇಲೆ ಕುಳಿತಾಗ ತುಳಸವ್ವ ಮೊದಲ ಸಲ ಸುಮ್ಮನಾದದ್ದನ್ನು ನೋಡಿದೆ. ಎದುರಿಗೆ ಒಬ್ಬ ಮುತ್ತೈದೆಯ ಹೆಣ ಸಾಗುತ್ತಿತ್ತು. ನಮ್ಮ ಕಡೆ ಮುತ್ತೈದೆ ಸತ್ತರೆ ತವರಿನವರು ಹಸಿರು ಸೀರೆ, ಹಸಿರು ಬಳೆ ತರಬೇಕು. ಅದನ್ನು ಉಡಿಸಿ, ಉಡಿ ತುಂಬಿ ಕಳಿಸಬೇಕು. ತವರಿನ ಸೀರೆ ಬರುವ ತನಕ ಹೆಣ ಎತ್ತುವುದಿಲ್ಲ. ತುಳಸವ್ವ ತನ್ನ ಮಗಳನ್ನು ಅಣ್ಣ ಪರಸಪ್ಪನ ಮಗನಿಗೆ ಕೊಡದೆ ಹೊರಗೆ ಕೊಟ್ಟಿದ್ದಳು. ಅಂದಿನಿಂದ ಪರಸಪ್ಪ ಅವಳ ಹೊಸ್ತಿಲು ತುಳಿದಿರಲಿಲ್ಲ. ಪಂಚಮಿಗೆ ಕರೆಯಲೂ ಬರಲಿಲ್ಲ. ನಾನು ಸತ್ತರೂ ಆ ಸೀರೆ ಬರುವುದಿಲ್ಲ ಎಂದು ಅವಳು ಅಂದಳು. ಮಾರುತೆಪ್ಪ ಮಾತು ಕಡಿಮೆಯ ಮನುಷ್ಯ. ಅವನು ಗಂಗೆಯ ಕಡೆ ನೋಡುತ್ತಲೇ, ಹಂಗ ಹೋಗಾಕ ಬಿಡಂಗಿಲ್ಲ, ನಾನ ಹೋಗಿ ಅವನ ಕಾಲ ಹಿಡೀತೇನಿ ಎಂದ. ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಮುಂದಿನ ಮಾತನ್ನು ಈಗೇಕೆ ಆಡುತ್ತಾರೆ ಎಂದುಕೊಂಡೆ ನಾನು.

ಗೋರಖಪುರ ದಾಟಿ ಸುನೌಲಿಯಲ್ಲಿ ಗಡಿ ಬಂತು. ಪರದೇಶ ಅಂದರೆ ದೊಡ್ಡದೇನೋ ಇರುತ್ತದೆ ಎಂದು ಎಲ್ಲರೂ ಸೀರೆ ನೆರಿಗೆ, ಧೋತರ ಸರಿಮಾಡಿಕೊಂಡು ಕುಳಿತಿದ್ದೆವು. ಒಂದು ಕಟ್ಟೆ, ಒಂದು ಕಮಾನು, ಒಬ್ಬ ಪೊಲೀಸ, ಅಷ್ಟೇ! ನಮ್ಮ ನೂರು ರೂಪಾಯಿಗೆ ಅಲ್ಲಿನ ನೂರಾ ನಲವತ್ತೈದು ಕೊಟ್ಟರು. ಹಿರೇಕೆರೂರಿನ ಬಸವಂತಪ್ಪ ಸಾಹುಕಾರನಾದೆ ಎಂದು ಮೀಸೆ ತಿರುವಿದ. ಅಲ್ಲಿಂದ ಮುಂದೆ ಬೆಟ್ಟದ ದಾರಿ. ತಾನಸೇನ, ಪೋಖರಾ ಎಂಬ ಊರುಗಳು. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಆಳದಲ್ಲಿ ನದಿ. ತುಳಸವ್ವನ ಬಾಯಿಗೆ ಬಿಡುವೇ ಇಲ್ಲ. ಪೋಖರಾದಲ್ಲಿ ಬೆಳಗಿನ ಬಿಸಿಲಿಗೆ ಹಿಮದ ಶಿಖರ ಕಂಡಾಗ ನಾನು ಅತ್ತುಬಿಟ್ಟೆ. ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಕಠ್ಮಂಡುವಿನಲ್ಲಿ ಚಳಿ ಎಲುಬಿಗೆ ಇಳಿಯುತ್ತಿತ್ತು. ಧರ್ಮಶಾಲೆಯಲ್ಲಿ ಗಂಟು ಇಳಿಸಿ ಮಧ್ಯಾಹ್ನ ಪಶುಪತಿನಾಥಕ್ಕೆ ಹೋದೆವು. ಗುಡಿಯೊಳಗೆ ಹಿಂದೂಗಳಿಗೆ ಮಾತ್ರ ಪ್ರವೇಶ ಎಂದು ಬರೆದಿತ್ತು. ಮೌಲಾಸಾಬ ಬಸ್ಸಿನ ಹತ್ತಿರವೇ ಉಳಿದ. ತುಳಸವ್ವ ದರ್ಶನ ಮಾಡಿ ಬಂದವಳು ನೇರ ಅವನ ಬಳಿ ಹೋಗಿ ಪ್ರಸಾದದ ಸಕ್ಕರೆ ಕೊಟ್ಟಳು. ಎರಡು ದಿನದಿಂದ ಅವಳಿಗೆ ಕೆಮ್ಮು ಇತ್ತು, ಮೆಟ್ಟಿಲು ಹತ್ತಿ ಏದುಸಿರು ಬರುತ್ತಿತ್ತು. ಆದರೂ ನಾಳೆ ಇಳಿಜಾರಿನ ದಾರಿ, ಸಾವಕಾಶ ಹೊಡಿ ಎಂದು ಹೇಳಲು ಮರೆಯಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಒಯ್ದು ಎಬ್ಬಿಸಿದರೆ ಅವಳು ಏಳಲಿಲ್ಲ.

ಹತ್ತಿರದ ಡಾಕ್ಟರನ್ನು ಕರೆತಂದೆ. ಎದೆ ನಿಂತಿದೆ ಎಂದು ಅವರು ಚೀಟಿ ಬರೆದುಕೊಟ್ಟರು. ದಹನಕ್ಕೆ ಆ ಚೀಟಿ ಸಾಕು ಎಂದು ಧರ್ಮಶಾಲೆಯ ಮ್ಯಾನೇಜರು ಹೇಳಿದರು. ಊರಿಗೆ ಒಯ್ಯುವ ಮಾತು ಯಾರೂ ಎತ್ತಲಿಲ್ಲ, ಅಷ್ಟು ದೂರ ಹೆಣ ಒಯ್ಯುವುದು ಆಗದ ಕೆಲಸ. ಹಾನಗಲ್ಲಿನಲ್ಲಿದ್ದ ಮಗಳಿಗೆ ಒಂದು ತಂತಿ ಕೊಟ್ಟೆ. ಮಾಸೂರಿಗೂ ಒಂದು ಕೊಡ್ರಿ ಅಕ್ಕೋರ ಎಂದು ಮಾರುತೆಪ್ಪ ಹೇಳಿದ. ಅದನ್ನೂ ಕೊಟ್ಟೆ.

ನಮ್ಮ ಬಸ್ಸಿನಲ್ಲಿದ್ದ ಹೆಚ್ಚಿನವರು ಹೆಣವನ್ನು ಮಣ್ಣಿಗಿಡುವ ಮನೆತನದವರು. ಮಾರುತೆಪ್ಪನ ಮನೆತನದಲ್ಲಿ ಮಾತ್ರ ಸುಡುವ ಪದ್ಧತಿ. ನಾನು ಅಂಚೆ ಕಚೇರಿಯಿಂದ ಬರುವಷ್ಟರಲ್ಲಿ ಬಸವಂತಪ್ಪ ವಿಭೂತಿಯ ಉಂಡೆ ಹಿಡಿದುಕೊಂಡು, ಸಲಿಕೆ ಎಲ್ಲಿ ಸಿಗುತ್ತದೆ ಎಂದು ಕೈಸನ್ನೆಯಲ್ಲಿ ಇಡೀ ಬೀದಿಯನ್ನು ಕೇಳುತ್ತ ಹೊರಟಿದ್ದ. ತೋಡಿ ತೋರಿಸಿದ ಅವನ ಸನ್ನೆ ನೋಡಿ ಒಬ್ಬ ಮುದುಕ ಅವನಿಗೆ ಮೂಲಂಗಿ ತಂದುಕೊಟ್ಟಿದ್ದ. ಆ ದುಃಖದಲ್ಲೂ ನನಗೆ ನಗು ಬಂತು. ತುಳಸವ್ವ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಬಿದಿರು, ಹೂವು, ಅರಿಷಿಣ ಎಲ್ಲ ಬಂತು. ಆದರೆ ಮಾರುತೆಪ್ಪ ಹೆಂಡತಿಯ ತಲೆಯ ಹತ್ತಿರ ಕುಳಿತವನು ಏಳಲೊಲ್ಲ. ಎತ್ತುವುದು ಬೇಡ ಎಂದ. ನನ್ನ ಪೆಟ್ಟಿಗೆಯಲ್ಲಿ ಕಾಶಿಯಲ್ಲಿ ಕೊಂಡ ಹೊಸ ಸೀರೆ ಇತ್ತು, ಅದನ್ನು ತೆಗೆದುಕೊಟ್ಟೆ. ಅವನು ಕೈಮುಗಿದ.

“ನಿಮ್ಮ ತವರು ದುಂಡಸಿ ಅಕ್ಕೋರ. ನಿಮ್ಮ ಸೀರಿ ತವರಿನ ಸೀರಿ ಆಗಂಗಿಲ್ಲ. ನಾ ಆಕಿಗೆ ಮಾತು ಕೊಟ್ಟೇನಿ.”

ಮಾಸೂರಿನಿಂದ ಸೀರೆ ಬರುವ ದಾರಿ ಎಲ್ಲಿದೆ? ಬಿಸಿಲು ಅಂಗಳಕ್ಕೆ ಇಳಿಯಿತು. ಹೀಗೇ ಕುಳಿತರೆ ಇವನಿಗೂ ಏನಾದರೂ ಆದೀತು ಎಂದು ನನಗೆ ನಿಜವಾಗಿಯೂ ಭಯವಾಯಿತು. ಆಗ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ ಮೌಲಾಸಾಬ ಕೆಮ್ಮಿದ.

“ನಾ ಮಾಸೂರಿನವ ಅದೇನಲ್ರಿ,” ಎಂದ.

ಬಸವಂತಪ್ಪನೇ ಮೊದಲು ಬಾಯಿಬಿಟ್ಟ. ಇವ ಒಳ್ಳೆಯವ ಖರೆ, ಆದರೆ ಸಾಬರು ತವರಾಗುವುದನ್ನು ಎಲ್ಲೂ ಕೇಳಿಲ್ಲ, ನಾಳೆ ಊರಿನಲ್ಲಿ ಏನೆಂದಾರು ಎಂದ. ಹೌದಲ್ಲ ಎಂದು ಇನ್ನಿಬ್ಬರು ತಲೆಯಾಡಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಸಾಲೆಯ ದನಿ ತೆಗೆಯಬೇಕು ಎನ್ನುವಷ್ಟರಲ್ಲಿ ಮಾರುತೆಪ್ಪ ತಲೆ ಎತ್ತಿದ.

“ಒಡಹುಟ್ಟಿದವ್ರು ಇಷ್ಟ ವರ್ಷ ಆಕೀನ್ನ ಕೇಳಲಿಲ್ಲ. ಇವ ಬಸ್ಸು ಹತ್ತಿದಾಗಿಂದ ಅಕ್ಕಾ ಅಂತ ಓಗೊಟ್ಟಾನ. ಹೋಗೋ ತಮ್ಮಾ, ನಿಮ್ಮ ಅಕ್ಕಗ ಸೀರಿ ತಗೊಂಡು ಬಾ.”

ಬಸವಂತಪ್ಪನನ್ನು ಮೆಚ್ಚಬೇಕು, ಸೋತ ಮೇಲೆ ಮುಖ ಊದಿಸಿಕೊಂಡು ಕೂಡುವ ಆಸಾಮಿಯಲ್ಲ. ಎದ್ದು ಹೋಗಿ ಬಿದಿರು ಕಟ್ಟತೊಡಗಿದ.

ನಾನೂ ಮೌಲಾಸಾಬನೂ ಪೇಟೆಗೆ ಓಡಿದೆವು. ಅಸನ್ ಎಂಬ ಚೌಕದ ತುಂಬ ಬಟ್ಟೆಯಂಗಡಿಗಳು. ಮುತ್ತೈದೆಗೆ ಸೀರೆ ಎಂದೊಡನೆ ಎಲ್ಲರೂ ಕೆಂಪನ್ನೇ ಹರವುತ್ತಾರೆ. ಅಲ್ಲಿ ಮುತ್ತೈದೆಯ ಬಣ್ಣ ಕೆಂಪು. ಹಸಿರು ಬೇಕು ಎಂದರೆ ಕೆಂಪು ಅಂಚಿನ ಕೆಂಪು, ಹೂವಿನ ಕೆಂಪು, ಜರಿಯ ಕೆಂಪು ತೋರಿಸುತ್ತಾರೆ. ನಾನು ಅಂಗಡಿಯಿಂದ ಅಂಗಡಿಗೆ ಹಿಂದಿಯಲ್ಲಿ ಜಗಳಾಡುತ್ತ ಹೋದೆ. ಕೊನೆಗೆ ಒಂದು ಸಂದಿಯ ಅಂಗಡಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ಗಂಟಿನಿಂದ, ನಮ್ಮ ಹಾನಗಲ್ಲಿನ ಗದ್ದೆಯ ಸಸಿಯಂಥ ಅಚ್ಚ ಹಸಿರು ಸೀರೆ ಹೊರಬಂತು. ಮೌಲಾಸಾಬ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

ಬಳೆಯಂಗಡಿಗಳು ಅಲ್ಲಿಂದ ಸ್ವಲ್ಪ ದೂರ. ಅಂಗಡಿಕಾರನೂ ಮುಸಲ್ಮಾನನೇ. ಇಬ್ಬರೂ ಉರ್ದುವಿನಲ್ಲಿ ಮಾತಾಡಿಕೊಂಡರು. ಯಾರಿಗೆ ಬಳೆ ಎಂದು ಅವನು ಕೇಳಿದ್ದಕ್ಕೆ ಮೌಲಾಸಾಬ ನನ್ನ ಅಕ್ಕನಿಗೆ ಎಂದ. ಅಳತೆ ಕೇಳಿದಾಗ ತನ್ನ ಮೂರು ಬೆರಳು ಕೂಡಿಸಿ ತೋರಿಸಿದ. ಹಿಂದಿನ ದಿನವಷ್ಟೇ ಅವನಿಗೆ ಪ್ರಸಾದದ ಸಕ್ಕರೆ ಕೊಟ್ಟ ಕೈಯಲ್ಲವೇ, ನೆನಪಿತ್ತು.

ಹೆಂಗಸರು ತುಳಸವ್ವನಿಗೆ ಮೀಸಿ ಹಸಿರು ಸೀರೆ ಉಡಿಸಿದೆವು. ಆಮೇಲೆ ಮೌಲಾಸಾಬನನ್ನು ಒಳಗೆ ಕರೆದೆವು. ಅವನು ಮಂಡಿಯೂರಿ ಕುಳಿತು, ಅವಳ ಕೈಯನ್ನು ಎಣ್ಣೆ ನೀರಿನಲ್ಲಿ ತೊಯ್ಸಿ, ಬೆರಳ ಗೆಣ್ಣು ಒಂದೊಂದನ್ನೇ ಮೆಲ್ಲಗೆ ಅಮುಕಿ ಬಳೆ ಏರಿಸಿದ. ಸೆಟೆದ ಕೈ ಅದು. ಒಂದು ಬಳೆಯೂ ಒಡೆಯಲಿಲ್ಲ. ಅಕ್ಕಾ ನೋಯ್ತೇನು ಎಂದು ಅವನು ಒಮ್ಮೆ ಕೇಳಿಯೇಬಿಟ್ಟ, ಬಳೆಗಾರರ ರೂಢಿಯ ಮಾತು. ಅದನ್ನು ಕೇಳಿ ಮಾರುತೆಪ್ಪ ಮೊದಲ ಸಲ ಬಾಯಿಬಿಟ್ಟು ಅತ್ತ.

ಉಡಿಯಲ್ಲಿ ಅಕ್ಕಿ, ಒಣ ಕೊಬ್ಬರಿ, ಉಳಿದಿದ್ದ ಸವಣೂರಿನ ಎಲೆ ಇಟ್ಟೆವು. ಮುಂದಿನ ಹೆಗಲು ಮೌಲಾಸಾಬ, ಬಸವಂತಪ್ಪ. ಘಾಟು ಗುಡಿಯ ಹೊರಗೆ, ಸೇತುವೆಯ ಆಚೆ. ಅಲ್ಲಿ ಯಾರೂ ಯಾರನ್ನೂ ತಡೆಯಲಿಲ್ಲ. ಬಾಗಮತಿ ನದಿಯಲ್ಲಿ ಆ ಋತುವಿಗೆ ನೀರು ತೆಳು. ಅಲ್ಲಿನ ಪದ್ಧತಿಯಂತೆ ಅವಳ ಪಾದಗಳನ್ನು ನೀರಿಗೆ ಮುಟ್ಟಿಸಿದೆವು. ಭಟ್ಟರು ಗೋತ್ರ ಕೇಳಿದರು. ಮಾರುತೆಪ್ಪನಿಗೆ ಗೊತ್ತಿಲ್ಲ. ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಎಂದು ಅವರೇ ಸೇರಿಸಿಕೊಂಡರು. ಆಮೇಲೆ ತವರಿನವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಸವಂತಪ್ಪ ಮೌಲಾಸಾಬನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ನೂಕಿ, “ಇವನ ನೋಡ್ರಿ, ತಮ್ಮ,” ಎಂದ, ಅಚ್ಚ ಕನ್ನಡದಲ್ಲಿ. ಭಟ್ಟರಿಗೆ ಅರ್ಥವಾಯಿತು. ಮಾರುತೆಪ್ಪ ಬೆಂಕಿ ಇಟ್ಟ. ಆ ಹೊತ್ತು ನಮ್ಮ ನಾಲ್ಕು ತಾಲೂಕಿನ ಮಂದಿಯನ್ನು ನೋಡಿ ನನ್ನ ಎದೆ ಉಬ್ಬಿತು. ಪರದೇಶದಲ್ಲಿ ಒಬ್ಬ ಹೆಣ್ಣುಮಗಳನ್ನು ಯಾವ ಕೊರತೆಯೂ ಇಲ್ಲದೆ ಕಳಿಸಿಕೊಟ್ಟೆವು. ಹಿಮದ ಶಿಖರಕ್ಕಿಂತ ನನಗೆ ಅದು ದೊಡ್ಡದು.

ಬೂದಿಯನ್ನು ಬಾಗಮತಿಗೆ ಬಿಟ್ಟು ಒಂದು ಹಿಡಿಯನ್ನು ಮಾರುತೆಪ್ಪ ತಂಬಿಗೆಯಲ್ಲಿ ಕಟ್ಟಿಕೊಂಡ. ಮಾಸೂರಿನ ಮದಗದ ಕೆರೆಯಲ್ಲಿ ಈಜು ಕಲಿತವಳಂತೆ ಅವಳು, ಅಲ್ಲಿಗೆ ಮುಟ್ಟಿಸಬೇಕು ಎಂದ. ವಾಪಸು ಬರುವ ದಾರಿಯುದ್ದಕ್ಕೂ ನನ್ನ ಪಕ್ಕದ ಸೀಟು ಖಾಲಿ. ತಿರುವು ಬಂದಾಗಲೆಲ್ಲ ಮೌಲಾಸಾಬ ಕಿವಿಗೊಟ್ಟಂತೆ ಒಂದು ಗಳಿಗೆ ಕಾಯುತ್ತಿದ್ದ. ನಮ್ಮೂರು ಬಂದಾಗ ನಾನು ಇಳಿಯಲಿಲ್ಲ. ಎಮ್ಮೆ ಇನ್ನೊಂದು ದಿನ ಕಾಯಲಿ.

ಹಾನಗಲ್ಲಿನ ಮನೆಯ ಮುಂದೆ ಮಗಳ ಜೊತೆ ಒಬ್ಬ ಬಿಳಿ ರುಮಾಲಿನ ಮುದುಕ ನಿಂತಿದ್ದ. ಕಂಕುಳಲ್ಲಿ ಹಸಿರು ಸೀರೆ. ನೋಡಿದೊಡನೆ ತುಳಸವ್ವನ ಅಣ್ಣ ಪರಸಪ್ಪ ಎಂದು ತಿಳಿಯಿತು, ಅದೇ ಮೂಗು, ಅದೇ ಗಲ್ಲ. ತಂತಿ ಮುಟ್ಟಿದ ದಿನದಿಂದ ಅಲ್ಲೇ ಇದ್ದನಂತೆ. ಮಾರುತೆಪ್ಪ ಅವನ ಮೇಲೆ ಸಿಟ್ಟಾಗಲಿಲ್ಲ. ತವರಿನ ಸೀರೆ ಅವಳಿಗೆ ಮುಟ್ಟಿದೆ, ಮಾಸೂರಿನವನೇ ತಂದ ಎಂದು ಹೇಳಿ ಬಸ್ಸಿನ ಮೇಲೆ ಗಂಟು ಬಿಚ್ಚುತ್ತಿದ್ದ ಮೌಲಾಸಾಬನನ್ನು ತೋರಿಸಿದ. ಬಳೆಗಾರನ ಮಗನೇ ಎಂದು ಕೇಳಿ ಪರಸಪ್ಪ ಬಹಳ ಹೊತ್ತು ಮೇಲೆ ನೋಡುತ್ತ ನಿಂತ. ಸತ್ತ ಮನೆಯಲ್ಲಿ ಮೊದಲ ಎಡೆ ತವರಿನವರಿಗೆ. ಅವರಿಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಉಂಡದ್ದು ಇಬ್ಬರೂ ಅಷ್ಟಕ್ಕಷ್ಟೇ.

ಮರುದಿನ ಬೆಳಿಗ್ಗೆ ಹಿರೇಕೆರೂರಿನವರನ್ನು ಇಳಿಸಿ ಬಸ್ಸು ಮಾಸೂರಿನತ್ತ ಹೊರಟಿತು. ಪರಸಪ್ಪ ಬಂದು, ಯಾರೂ ಹೇಳದೆ, ನನ್ನ ಪಕ್ಕದ ಸೀಟಿನಲ್ಲೇ ಕುಳಿತ. ತೊಡೆಯ ಮೇಲೆ ಮಾರುತೆಪ್ಪ ಕೊಟ್ಟ ತಂಬಿಗೆ, ಅದರ ಮೇಲೆ ಅವನು ತಂದ ಸೀರೆ. ಕೆರೆಯ ಹತ್ತಿರ ರಸ್ತೆ ಗಕ್ಕನೆ ತಿರುಗುತ್ತದೆ. ಅಲ್ಲಿ ಅವನು ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದು ಮುಂದಕ್ಕೆ ಬಾಗಿದ. ಬಸ್ಸಿನಲ್ಲಿ ತುಳಸವ್ವ ಏನೆನ್ನುತ್ತಿದ್ದಳೆಂದು ಅವನಿಗೆ ಯಾರೂ ಹೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ.

“ಸಾವಕಾಶ ಹೊಡಿಯೋ ತಮ್ಮಾ,” ಎಂದ.

ಮೌಲಾಸಾಬ ಹಿಂದಕ್ಕೆ ತಿರುಗಲಿಲ್ಲ. ಬಸ್ಸಿನ ವೇಗ ಇಳಿಯಿತು.

“ಆತು ಅಣ್ಣಾ.”