ಹೊಸ ಬೋರ್ಡಿನ ಹಿಂದೆ ಹಳೇ ವೈರು

ಗೆಳೆಯರೇ, ಇನ್ನೂ ಸಿಟ್ಟು ಇಳಿದಿಲ್ಲ. ಬೈಲಹೊಂಗಲದ ನಮ್ಮ ಹಳೇ ಮನೆಯಲ್ಲಿ ಫ್ರಿಜ್ ಮುಟ್ಟಿದ ಅತ್ತೆಗೆ ಶಾಕ್ ಹೊಡೆದಿತ್ತು. ಇಡೀ ವೈರಿಂಗ್ ಬದಲಿಸಲು ಹತ್ತು ಸಲ ಫೋನ್ ಮಾಡಿ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ್ದೆವು. ಇವತ್ತು ಮಧ್ಯಾಹ್ನ ಆತ, "ಎಲ್ಲಾ ಹೊಸಾದು ಮಾಡೇನ್ರಿ" ಅಂದ. ಗೋಡೆಯ ಮೇಲೆ ಬೋರ್ಡುಗಳು ಹೊಳೆಯುತ್ತಿದ್ದವು. ಅತ್ತೆ ಹಾಲು ತೆಗೆಯಲು ಫ್ರಿಜ್ ಬಾಗಿಲಿಗೆ ಕೈ ಹಾಕಿದರು. ಮತ್ತೆ ಶಾಕ್!

ಮೇನ್ ಆಫ್ ಮಾಡಿ ನಾನೇ ಬೋರ್ಡ್ ಬಿಚ್ಚಿದೆ. ಒಳಗೆ ಮಾವನ ಕಾಲದ ಅದೇ ವೈರು. ಅರ್ಥಿಂಗ್ ಕೊಟ್ಟೇ ಇಲ್ಲ.

"ಇದೇನ್ರಿ, ವೈರ್ ಬದ್ಲಿ ಮಾಡೇ ಇಲ್ಲಲ್ಲ?" ಎಂದು ಕೇಳಿದೆ.

"ಅಕ್ಕಾರ, ಅದೆಲ್ಲಾ ನಿಮಗ ತಿಳಿಯೂದಿಲ್ರಿ. ಮನಿ ಗಂಡಸರು ಬರ್ಲಿ, ಅವರ ಜೋಡಿ ಮಾತಾಡತೇನಿ."

ಕೈ ಉಜ್ಜಿಕೊಳ್ಳುತ್ತಿದ್ದ ಅತ್ತೆ ಎದ್ದು ನಿಂತರು. "ಶಾಕ್ ಹೊಡದದ್ದು ನನಗೋ, ಗಂಡಸರಿಗೋ? ಮೇನ್ ಹಚ್ಚತೇನಿ. ನೀನ ಒಮ್ಮೆ ಆ ಫ್ರಿಜ್ ಮುಟ್ಟಿ ತೋರಸು."

ಆತ ಫ್ರಿಜ್ ನೋಡಿದ, ಅತ್ತೆಯನ್ನು ನೋಡಿದ. "ಸವದತ್ತಿಯೊಳಗ ಅರ್ಜೆಂಟ್ ಕೆಲಸ ಐತ್ರಿ" ಎಂದವನೇ ಚೀಲ ಎತ್ತಿಕೊಂಡು ಹೋಗಿಬಿಟ್ಟ.

ಸುತ್ತಮುತ್ತ ಒಳ್ಳೆಯ ಎಲೆಕ್ಟ್ರಿಷಿಯನ್ ಯಾರಾದರೂ ಇದ್ದರೆ ತಿಳಿಸಿ. ಭಾರೀ ಅನುಭವವೇನೂ ಬೇಡ, ತಾನು ಮಾಡಿದ ಕೆಲಸವನ್ನು ತಾನೇ ಮುಟ್ಟುವ ಧೈರ್ಯವಿದ್ದರೆ ಸಾಕು.